ಮಾತಾಡುವ ಕಂಪ್ಯೂಟರ್: ಜಾಹೀರಾತಿನ ಮಾತು ಎಷ್ಟು ನಿಜ?

1984ರ ಜನವರಿ 24. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯುಪರ್ಟಿನೋ ಊರಿನ ಕಾಲೇಜೊಂದರ ಸಭಾಂಗಣ ಕಿಕ್ಕಿರಿದು ತುಂಬಿತ್ತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಚೀಲವೊಂದರಿಂದ ಪುಟ್ಟ ಕಂಪ್ಯೂಟರನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಇದರ ಬಗ್ಗೆ ನಾವು ಮಾತನಾಡಿದ್ದು ಸಾಕು, ಇನ್ನು ಇದೇ ತನ್ನ ಪರಿಚಯ ಹೇಳಿಕೊಳ್ಳಲಿ ಎಂಬ ಅರ್ಥದ ಮಾತಾಡಿ ಪಕ್ಕಕ್ಕೆ ಸರಿದರು. ಯಂತ್ರ ಮಾತನಾಡಿಯೇ ಬಿಟ್ಟಿತು! ತಾನು ಮೆಕಿಂತಾಷ್ ಎಂದಿತು, ಚೀಲದಿಂದ ಹೊರಬಂದದ್ದು ಹಾಯಾಗಿದೆ ಎಂದಿತು, ಎತ್ತಲಾಗದಷ್ಟು ಭಾರವಾದ ಕಂಪ್ಯೂಟರುಗಳನ್ನು ನಂಬಬೇಡಿ ಎಂದು ಎದುರಾಳಿ ಕಂಪನಿಯನ್ನು ಗೇಲಿ ಮಾಡಿತು. ಸಭೆಯಲ್ಲಿ ಚಪ್ಪಾಳೆಯ ಸುರಿಮಳೆ.

ಅಂದು ಸಭಿಕರಿಗೆ ತಿಳಿಯದ ಸಂಗತಿಯೊಂದಿತ್ತು. ಅಂಗಡಿಯಲ್ಲಿ 2,495 ಡಾಲರಿಗೆ ಮಾರಾಟಕ್ಕಿದ್ದ ಮೆಕಿಂತಾಷ್‌ನ ಸ್ಮರಣಶಕ್ತಿ 128 ಕಿಲೋಬೈಟ್. ವೇದಿಕೆಯ ಮೇಲೆ ಮಾತನಾಡಿದ ಯಂತ್ರಕ್ಕಿದ್ದದ್ದು 512 ಕಿಲೋಬೈಟ್, ಅಂದರೆ ನಾಲ್ಕು ಪಟ್ಟು. ಮಾತಿನ ತಂತ್ರಾಂಶವೂ ಚಿತ್ರಗಳೂ ಸೇರಿದ ಆ ಪ್ರದರ್ಶನ ಚಿಕ್ಕ ಯಂತ್ರದಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಇನ್ನೂ ಮಾರುಕಟ್ಟೆಗೆ ಬಾರದ ಮಾದರಿಯೊಂದನ್ನು ಬಳಸಿದೆವು ಎಂದು ಆ ತಂಡದಲ್ಲಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಮುಂದೆ ತಾವೇ ಬರೆದಿದ್ದಾರೆ. 512 ಕಿಲೋಬೈಟಿನ ಮೆಕಿಂತಾಷ್ ಅಂಗಡಿಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಹಾಗಾದರೆ ಅಂದು ನಡೆದದ್ದು ಮೋಸವೇ? ಯಂತ್ರದೊಳಗೆ ಯಾರೂ ಅಡಗಿ ಕುಳಿತಿರಲಿಲ್ಲ. ಧ್ವನಿ ಯಂತ್ರದ್ದೇ. ಅದನ್ನು ಹುಟ್ಟಿಸಿದ ತಂತ್ರಾಂಶವೂ ನಿಜವಾದದ್ದೇ. ಆದರೆ ಜಾತ್ರೆಯಲ್ಲಿ ತೋರಿಸಿದ ಎತ್ತು ಬೇರೆ, ಕೊಟ್ಟಿಗೆಗೆ ಬಂದ ಎತ್ತು ಬೇರೆ! ಕಂಪ್ಯೂಟರಿನ ಮಾತಿನ ಬಗ್ಗೆ ಬರುವ ಜಾಹೀರಾತುಗಳಲ್ಲಿ ಹಸಿ ಸುಳ್ಳು ಅಪರೂಪ. ನಿಜವನ್ನೇ ಹೇಳಿ, ಆ ನಿಜ ಯಾವ ಷರತ್ತಿನಲ್ಲಿ ನಿಜ ಎಂಬುದನ್ನು ನುಂಗಿಬಿಡುವುದೇ ಹೆಚ್ಚು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದರೆ ಸಾಲದು, ಸಮುದ್ರಮಟ್ಟದ ವಾಯುಒತ್ತಡದಲ್ಲಿ ಎಂದೂ ಸೇರಿಸಬೇಕು. ಬೆಟ್ಟದ ಮೇಲೆ ಲೆಕ್ಕ ಬೇರೆ.

ಮೂರು ವಿದ್ಯೆ, ಒಂದೇ ಹೆಸರು

'ಮಾತು ಬಲ್ಲ ಕಂಪ್ಯೂಟರ್' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಿದ್ಯೆಗಳು ಅಡಗಿವೆ. ಮೊದಲನೆಯದು ಮಾತನಾಡುವುದು, ಅಂದರೆ ಬರೆದದ್ದನ್ನು ಓದಿ ಹೇಳುವುದು. ಎರಡನೆಯದು ಕೇಳಿ ಬರೆದುಕೊಳ್ಳುವುದು. ಮೂರನೆಯದು ಕೇಳಿದ್ದರ ಅರ್ಥ ತಿಳಿದು ಹೇಳಿದ ಕೆಲಸ ಮಾಡುವುದು. ಮೂರರ ಕಷ್ಟ ಒಂದೇ ಸಮನಲ್ಲ.

ಮಾತನಾಡುವುದು ಮೂರರಲ್ಲಿ ಸುಲಭ. ಹೇಳಬೇಕಾದ ವಾಕ್ಯ ಕಂಪ್ಯೂಟರಿನ ಮುಂದೆ ಅಕ್ಷರಗಳಲ್ಲೇ ಇದೆ. ಅಕ್ಷರಗಳನ್ನು ಧ್ವನಿಗಳಾಗಿ ಬಿಡಿಸಿ, ಏರಿಳಿತ ಸೇರಿಸಿ, ಸ್ಪೀಕರಿಗೆ ಕಳಿಸಿದರಾಯಿತು. 1978ರಲ್ಲೇ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 'ಸ್ಪೀಕ್ ಅಂಡ್ ಸ್ಪೆಲ್' ಎಂಬ ಮಕ್ಕಳ ಆಟಿಕೆಯಲ್ಲಿ ಮಾತಿನ ಚಿಪ್ ಒಂದನ್ನು ಕೂರಿಸಿ ಮಾರಿತ್ತು. ಅದು ಇಂಗ್ಲಿಷ್ ಪದವನ್ನು ಉಚ್ಚರಿಸುತ್ತಿತ್ತು, ಮಗು ಅದರ ಸ್ಪೆಲಿಂಗನ್ನು ಒತ್ತಬೇಕಿತ್ತು. ತನ್ನೊಳಗೆ ಮೊದಲೇ ತುಂಬಿಟ್ಟ ಪದಗಳನ್ನಷ್ಟೇ ಅದು ಹೇಳಬಲ್ಲದಾಗಿತ್ತು, ಅದಕ್ಕಿಂತ ಹೆಚ್ಚಿನದು ಆ ಆಟಕ್ಕೆ ಬೇಕಿರಲಿಲ್ಲ.

ಕೇಳಿ ಬರೆಯುವುದು ಬೇರೆಯೇ ಮಾತು. ಮೈಕಿಗೆ ಬಿದ್ದ ಧ್ವನಿಯನ್ನು ಕಂಪ್ಯೂಟರ್ ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಮಾಡುತ್ತದೆ. ಅವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ತಾನು ಮೊದಲೇ ಕಲಿತ ಮಾದರಿಗಳೊಡನೆ ಹೋಲಿಸುತ್ತದೆ. ಯಾವ ಧ್ವನಿಯ ಮುಂದೆ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಕೊನೆಗೆ ತೆರೆಯ ಮೇಲೆ ಮೂಡುವುದು ಒಂದು ಊಹೆ. ಬಹಳ ಒಳ್ಳೆಯ ಊಹೆ ಇರಬಹುದು, ಆದರೂ ಊಹೆಯೇ. ಮಾತಿನ ನಡುವೆ ಪದಗಳಿಗೆ ಬೇಲಿ ಇರುವುದಿಲ್ಲ. 'ಏನ್ಮಾಡ್ತಿದೀಯ' ಎಂದು ಒಂದೇ ಉಸಿರಿಗೆ ಕೇಳಿದ್ದು 'ಏನು ಮಾಡುತ್ತಿದ್ದೀಯೆ' ಎಂದು ನಮ್ಮ ಮನಸ್ಸಿಗೆ ಹೊಳೆದಷ್ಟು ಸುಲಭವಾಗಿ ಯಂತ್ರಕ್ಕೆ ಹೊಳೆಯುವುದಿಲ್ಲ.

ಮೂರನೆಯದಂತೂ ಇನ್ನೂ ಕಠಿಣ. 'ನಾಳೆ ಅಜ್ಜಿಗೆ ಫೋನ್ ಮಾಡೋದು ನೆನಪಿಸು' ಎಂದದ್ದನ್ನು ತಪ್ಪಿಲ್ಲದೆ ಬರೆದುಕೊಂಡ ಯಂತ್ರ, ಬೆಳಿಗ್ಗೆ ನೆನಪಿಸಬೇಕೇ ಸಂಜೆಯೇ, ತಂದೆಯ ತಾಯಿಗೋ ತಾಯಿಯ ತಾಯಿಗೋ ಎಂಬಲ್ಲಿ ಮುಗ್ಗರಿಸಬಹುದು. ಜಾಹೀರಾತಿನಲ್ಲಿ ಈ ಮೂರನ್ನೂ ಕಲಸಿ ಒಂದೇ ಬಟ್ಟಲಿಗೆ ಬಡಿಸುವುದುಂಟು. ಇಂಪಾದ ದನಿ ಕೇಳಿದವರು ಅದಕ್ಕೆ ಬುದ್ಧಿಯೂ ಅಷ್ಟೇ ಇದೆ ಎಂದುಕೊಳ್ಳುತ್ತಾರೆ.

ಸುಳ್ಳನ್ನು ನಂಬಿದ ಜನ ಸತ್ಯವನ್ನು ಶಂಕಿಸಿದರು!

ಮಾತನಾಡುವ ಯಂತ್ರದ ಕಥೆ ವಿದ್ಯುತ್ತಿಗಿಂತ ಹಳೆಯದು. 18ನೇ ಶತಮಾನದಲ್ಲಿ ವಿಯೆನ್ನಾದ ಆಸ್ಥಾನದಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಹಂಗೆರಿಯ ಅಧಿಕಾರಿ ಇದ್ದ. ಚದುರಂಗ ಆಡುವ 'ತುರ್ಕಿ' ಗೊಂಬೆಯನ್ನು 1770ರಲ್ಲಿ ರಾಣಿ ಮರಿಯಾ ತೆರೇಸಾಳ ಮುಂದೆ ಪ್ರದರ್ಶಿಸಿ ಯುರೋಪಿನಲ್ಲೆಲ್ಲ ಹೆಸರು ಮಾಡಿದವನು ಇವನೇ. ಆ ಗೊಂಬೆಯ ಪೆಟ್ಟಿಗೆಯೊಳಗೆ ಚದುರಂಗ ಬಲ್ಲ ಮನುಷ್ಯನೊಬ್ಬ ಅಡಗಿ ಕೂರುತ್ತಿದ್ದ ಎಂಬುದು ಆಮೇಲೆ ಬಯಲಾಯಿತು.

ಇದೇ ಕೆಂಪೆಲೆನ್ ಸುಮಾರು 20 ವರ್ಷ ದುಡಿದು ನಿಜವಾಗಿಯೂ ಮಾತನಾಡುವ ಯಂತ್ರವನ್ನೂ ಮಾಡಿದ್ದ. ಶ್ವಾಸಕೋಶಕ್ಕೆ ಬದಲು ತಿದಿ, ಗಂಟಲಿನ ತಂತುವಿಗೆ ಬದಲು ಕಂಪಿಸುವ ಪೀಪಿ, ಬಾಯಿಗೆ ಬದಲು ಕೈಯಿಂದ ಅಮುಕಿ ಆಕಾರ ಬದಲಿಸಬಹುದಾದ ಕೊಳವೆ. 1791ರಲ್ಲಿ ಅದರ ಒಳಗುಟ್ಟನ್ನೆಲ್ಲ ಪುಸ್ತಕದಲ್ಲಿ ಬಿಡಿಸಿ ಬರೆದ. ಆದರೆ ಚದುರಂಗದ ಗೊಂಬೆಯ ನೆರಳು ಇದರ ಮೇಲೂ ಬಿತ್ತು. ಇದೂ ಏನೋ ಕಣ್ಕಟ್ಟು ಇರಬೇಕು ಎಂದವರೇ ಬಹಳ. ಒಮ್ಮೆ ಕಳೆದುಕೊಂಡ ನಂಬಿಕೆ ಮರಳಿ ಬರುವುದು ಎಷ್ಟು ಕಷ್ಟ ನೋಡಿ!

1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ 'ವೋಡರ್' ಜನರನ್ನು ಬೆರಗುಗೊಳಿಸಿತು. ಇದು ವಿದ್ಯುತ್ತಿನಿಂದ ಮಾತನಾಡುವ ಯಂತ್ರ. ಆದರೆ ಅದು ತಾನಾಗಿ ಮಾತನಾಡುತ್ತಿರಲಿಲ್ಲ. ಸುಮಾರು ಒಂದು ವರ್ಷ ತರಬೇತಿ ಪಡೆದ ಯುವತಿ ಹಾರ್ಮೋನಿಯಂ ನುಡಿಸುವವರಂತೆ ಎರಡೂ ಕೈಗಳಿಂದ ಕೀಲಿಗಳನ್ನು ಒತ್ತುತ್ತ, ಕಾಲಿನಿಂದ ಪೆಡಲ್ ಅದುಮುತ್ತ ಒಂದೊಂದು ಧ್ವನಿಯನ್ನೂ ಹೊರಡಿಸಬೇಕಿತ್ತು. ಆಕೆ ಜನರ ಕಣ್ಣೆದುರಿಗೇ ಕುಳಿತಿರುತ್ತಿದ್ದಳು, ಮುಚ್ಚುಮರೆ ಇರಲಿಲ್ಲ.

ಕೇಳುವ ಯಂತ್ರಗಳಲ್ಲಿ ಮೊದಲಿನದು 1952ರ 'ಆಡ್ರಿ'. ಇದೂ ಬೆಲ್ ಪ್ರಯೋಗಾಲಯದ್ದೇ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಅದು ಗುರುತಿಸುತ್ತಿತ್ತು. ಯಾರ ದನಿಗೆ ಅದನ್ನು ಹೊಂದಿಸಿದೆಯೋ ಅವರು ಒಂದೊಂದು ಅಂಕಿಯ ನಡುವೆ ತಡೆದು ತಡೆದು ಹೇಳಿದರೆ ತಪ್ಪು ಬಲು ಕಡಿಮೆ. ಬೇರೆಯವರು ಹೇಳಿದರೆ ಯಂತ್ರ ತಬ್ಬಿಬ್ಬು. 1962ರಲ್ಲಿ ಸಿಯಾಟಲ್ ಪ್ರದರ್ಶನದಲ್ಲಿ ಐಬಿಎಂ ಕಂಪನಿ ತೋರಿಸಿದ 'ಶೂಬಾಕ್ಸ್' ಯಂತ್ರಕ್ಕೆ ತಿಳಿಯುತ್ತಿದ್ದದ್ದು 16 ಪದ. ಷರತ್ತುಗಳು ಸ್ಪಷ್ಟವಾಗಿದ್ದವು. ಹತ್ತು ಅಂಕಿ ಎಂದರೆ ಹತ್ತು ಅಂಕಿ, 16 ಪದ ಎಂದರೆ 16 ಪದ. ಯಾವ ಪದವನ್ನಾದರೂ ಕೇಳಿಸಿಕೊಳ್ಳುತ್ತೇವೆ ಎಂದು ಯಂತ್ರಗಳು ಹೇಳತೊಡಗಿದ ಮೇಲೆ ಷರತ್ತು ಕಣ್ಣಿಗೆ ಕಾಣದಂತಾಯಿತು.

ಶೇಕಡಾ 95 ಎಂಬ ಮಾಯಾಸಂಖ್ಯೆ

1997ರಲ್ಲಿ ಅಮೆರಿಕದ ಡ್ರಾಗನ್ ಸಿಸ್ಟಮ್ಸ್ ಕಂಪನಿ 'ನ್ಯಾಚುರಲಿಸ್ಪೀಕಿಂಗ್' ಎಂಬ ತಂತ್ರಾಂಶವನ್ನು ಹೊರತಂದಿತು. ಪದ ಪದಕ್ಕೂ ನಿಲ್ಲದೆ ಸಹಜವಾಗಿ ಮಾತನಾಡಿದರೂ ನಿಮಿಷಕ್ಕೆ 100 ಪದದವರೆಗೆ ಬರೆದುಕೊಳ್ಳುತ್ತದೆ ಎಂಬುದು ಅದರ ಹೆಗ್ಗಳಿಕೆ. ಅದಕ್ಕೆ ಮೊದಲು ಬಳಸುವವರು ಕೊಟ್ಟ ಪಾಠವನ್ನು ಗಟ್ಟಿಯಾಗಿ ಓದಿ ತಮ್ಮ ದನಿಯನ್ನು ಅದಕ್ಕೆ ಪರಿಚಯಿಸಬೇಕಿತ್ತು. ಅಂದಿನಿಂದ ಇಂದಿನವರೆಗೂ ಇಂಥ ತಂತ್ರಾಂಶಗಳ ಜಾಹೀರಾತಿನಲ್ಲಿ 'ಶೇಕಡಾ ಇಷ್ಟು ನಿಖರ' ಎಂಬ ಸಂಖ್ಯೆ ತಪ್ಪದೆ ಇಣುಕುತ್ತದೆ.

ಪರೀಕ್ಷೆಯಲ್ಲಿ ಮಗ 100ಕ್ಕೆ 95 ಅಂಕ ತಂದರೆ ಮನೆಯಲ್ಲಿ ಪಾಯಸ. ಆದರೆ ಬರೆದುಕೊಳ್ಳುವ ಯಂತ್ರಕ್ಕೆ 95 ಬಂದರೆ? ಲೆಕ್ಕ ಮಾಡಿ ನೋಡೋಣ. 300 ಪದದ ಒಂದು ಪುಟದಲ್ಲಿ 15 ಪದ ತಪ್ಪು. ಶೇಕಡಾ 99 ಆದರೆ ಮೂರೇ ತಪ್ಪು. 99ಕ್ಕೂ 95ಕ್ಕೂ ನಾಲ್ಕೇ ಅಂಕದ ವ್ಯತ್ಯಾಸ ಎಂದು ಕಾಣುತ್ತದೆ. ತಪ್ಪುಗಳನ್ನು ಎಣಿಸಿದರೆ ಐದು ಪಟ್ಟು!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹತ್ತು ಪದದ ವಾಕ್ಯವೊಂದು ಪೂರ್ತಿ ಸರಿಯಾಗಿ ಬರಬೇಕಾದರೆ ಹತ್ತೂ ಪದ ಸರಿಯಿರಬೇಕು. ಒಂದು ಪದದ ತಪ್ಪಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಂಡರೆ, 0.95ನ್ನು ಹತ್ತು ಬಾರಿ ಬರೆದು ಗುಣಿಸಬೇಕು. ಉತ್ತರ ಸುಮಾರು 0.60. ಅಂದರೆ ಹತ್ತು ವಾಕ್ಯಗಳಲ್ಲಿ ನಾಲ್ಕರಲ್ಲಿ ಎಲ್ಲೋ ಒಂದು ಕಡೆಯಾದರೂ ತಪ್ಪು ನುಸುಳಿರುತ್ತದೆ. 'ಶೇಕಡಾ 95 ನಿಖರ' ಎಂಬುದೂ ನಿಜ, 'ನಾಲ್ಕು ಹತ್ತಾಂಶ ವಾಕ್ಯಗಳು ತಪ್ಪು' ಎಂಬುದೂ ನಿಜ. ಜಾಹೀರಾತಿನವರು ಇದರಲ್ಲಿ ಯಾವುದನ್ನು ಅಚ್ಚು ಹಾಕಿಸುತ್ತಾರೆ ಎಂಬುದನ್ನು ಹೇಳಬೇಕಿಲ್ಲ.

ಯಾರ ದನಿ? ಯಾವ ಕನ್ನಡ?

ನಿಖರತೆಯ ಸಂಖ್ಯೆ ಯಾರ ದನಿಯಲ್ಲಿ ಅಳೆದದ್ದು ಎಂಬುದು ಮುಂದಿನ ಪ್ರಶ್ನೆ. 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದು ಕಂಪನಿಗಳ ತಂತ್ರಾಂಶಗಳಿಗೆ ಅಮೆರಿಕದವರದೇ ಸಂಭಾಷಣೆಗಳನ್ನು ಕೇಳಿಸಿದ್ದರು. ಬಿಳಿಯರ ಮಾತಿನಲ್ಲಿ 100 ಪದಕ್ಕೆ ಸರಾಸರಿ 19 ತಪ್ಪು, ಕರಿಯರ ಮಾತಿನಲ್ಲಿ 35. ಇಂಗ್ಲಿಷಿನ ತವರುಗಳಲ್ಲಿ ಒಂದಾದ ದೇಶದಲ್ಲೇ ಹೀಗೆ! ಯಂತ್ರ ಯಾರ ಮಾತನ್ನು ಹೆಚ್ಚು ಕೇಳಿ ಕಲಿತಿದೆಯೋ ಅವರ ಮಾತು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ, ಅಷ್ಟೇ.

ಕನ್ನಡಕ್ಕೂ ಇದು ಅನ್ವಯಿಸುತ್ತದೆ. 2017ರಲ್ಲಿ ಗೂಗಲ್ ತನ್ನ ಧ್ವನಿ ಬೆರಳಚ್ಚಿಗೆ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿತು. 2022ರಲ್ಲಿ ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡದ ಮಾತಿನ ಮೇಲೆ ಸಂಶೋಧನೆ ನಡೆದಿದೆ. ಎಲ್ಲವೂ ಸಂತೋಷದ ಸಂಗತಿಗಳೇ. ಆದರೆ 'ಕನ್ನಡ ಬಲ್ಲದು' ಎಂಬ ಜಾಹೀರಾತು ಕಂಡಾಗ, ಯಾವ ಕನ್ನಡ ಎಂದು ಕೇಳಬೇಕು. ವಾರ್ತೆ ಓದುವವರ ಕನ್ನಡವೇ, ಧಾರವಾಡದ್ದೇ, ಕುಂದಾಪುರದ್ದೇ, ಕಲಬುರಗಿಯದ್ದೇ? 'ಹಕ್ಕಿ'ಯನ್ನು 'ಅಕ್ಕಿ' ಎನ್ನುವ ಊರಿನವರು ಹೇಳಿದರೆ ಯಂತ್ರ ಹಕ್ಕಿಯನ್ನು ಹಾರಿಸುತ್ತದೆಯೋ ಅಕ್ಕಿಯನ್ನು ಅಳೆಯುತ್ತದೆಯೋ? 'ಹಳ್ಳಿ'ಗೂ 'ಹಲ್ಲಿ'ಗೂ, 'ಬಳೆ'ಗೂ 'ಬಾಳೆ'ಗೂ ಇರುವ ಅಂತರ ಒಂದೇ ಧ್ವನಿಯದು.

ಓದಿ ಹೇಳುವ ತಂತ್ರಾಂಶಕ್ಕೂ ಇಲ್ಲಿ ತೊಡಕುಂಟು. 'ಡಾ.' ಎಂಬುದನ್ನು 'ಡಾಕ್ಟರ್' ಎನ್ನಬೇಕು. '1984' ಎಂಬುದು ಇಸವಿಯಾದರೆ ಒಂದು ಬಗೆ, ಫೋನ್ ನಂಬರಿನ ತುಣುಕಾದರೆ ಇನ್ನೊಂದು ಬಗೆ. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದವನ್ನೂ ಸರಿಯಾಗಿ ಉಚ್ಚರಿಸಬೇಕು. ಒಳ್ಳೆಯ ದನಿಯ ಯಂತ್ರವೂ ಇಲ್ಲಿ ಎಡವುತ್ತದೆ.

ಸುತ್ತಲಿನ ಸದ್ದು, ಮೈಕಿನ ಗುಣಮಟ್ಟ ಇವೂ ಷರತ್ತುಗಳೇ. 2006ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಹಣಕಾಸು ತಜ್ಞರ ಎದುರು 'ವಿಸ್ಟಾ'ದ ಧ್ವನಿ ಸೌಲಭ್ಯವನ್ನು ತೋರಿಸಲು ಹೊರಟಿತು. ಅಮ್ಮನಿಗೆ ಕಾಗದ ಬರೆಯುವಂತೆ ಹೇಳಿದರೆ, ತೆರೆಯ ಮೇಲೆ 'ಅಮ್ಮ' ಹೋಗಿ 'ಅತ್ತೆ'ಗೆ ಸಲ್ಲುವ ಇಂಗ್ಲಿಷ್ ಪದ ಮೂಡಿತು! ತಪ್ಪನ್ನು ಅಳಿಸು ಎಂದು ಹೇಳಿದ್ದನ್ನೂ ಅದು ಕಾಗದದಲ್ಲೇ ಬರೆಯುತ್ತ ಹೋಯಿತು. ಸಭೆಯೆಲ್ಲ ನಗೆ. ಮೈಕಿನ ಧ್ವನಿಮಟ್ಟವನ್ನು ನಿಭಾಯಿಸುವುದರಲ್ಲಿದ್ದ ದೋಷ ಅದಕ್ಕೆ ಕಾರಣವಾಗಿತ್ತು. ಸ್ವತಃ ಕಂಪನಿಯವರ ಕೈಯಲ್ಲೇ ಹೀಗಾದರೆ ಮನೆಯ ಗದ್ದಲದಲ್ಲಿ ಏನಾದೀತು?

ಸಣ್ಣ ಅಕ್ಷರದಲ್ಲಿರುವ ಸತ್ಯ

2011ರ ಅಕ್ಟೋಬರಿನಲ್ಲಿ ಆಪಲ್ ತನ್ನ ಐಫೋನ್ 4ಎಸ್ ಜೊತೆಗೆ 'ಸಿರಿ'ಯನ್ನು ತಂದಿತು. ಜಾಹೀರಾತಿನಲ್ಲಿ ಜನ ಸಹಜವಾಗಿ ಪ್ರಶ್ನೆ ಕೇಳುತ್ತಿದ್ದರು, ಸಿರಿ ಥಟ್ಟನೆ ಉತ್ತರಿಸುತ್ತಿತ್ತು. ತೆರೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ದೃಶ್ಯಗಳನ್ನು ಕಿರಿದುಗೊಳಿಸಲಾಗಿದೆ ಎಂಬ ಸಾಲು. ತಮ್ಮ ಫೋನಿನಲ್ಲಿ ಹಾಗೆ ನಡೆಯುತ್ತಿಲ್ಲವೆಂದು 2012ರಲ್ಲಿ ಕೆಲವು ಗ್ರಾಹಕರು ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋದರು. ಯಾವ ಜಾಹೀರಾತಿನ ಯಾವ ಹೇಳಿಕೆ ಸುಳ್ಳು ಎಂಬುದನ್ನು ಅವರು ನಿರ್ದಿಷ್ಟವಾಗಿ ತೋರಿಸಲಾಗದೆ, 2014ರಲ್ಲಿ ದಾವೆ ಬಿದ್ದುಹೋಯಿತು. ಜಾಹೀರಾತು ಮನಸ್ಸಿನಲ್ಲಿ ಮೂಡಿಸುವ ಭಾವನೆ ಒಂದು, ಬಾಯಿಬಿಟ್ಟು ಕೊಡುವ ಮಾತು ಇನ್ನೊಂದು. ಆ ದಾವೆಯಲ್ಲಿ ಲೆಕ್ಕಕ್ಕೆ ಬಂದದ್ದು ಎರಡನೆಯದು.

2023ರ ಡಿಸೆಂಬರಿನಲ್ಲಿ ಗೂಗಲ್ 'ಜೆಮಿನಿ'ಯ ವಿಡಿಯೋ ಒಂದನ್ನು ಬಿಡುಗಡೆ ಮಾಡಿತು. ವ್ಯಕ್ತಿಯೊಬ್ಬ ಬಾತುಕೋಳಿಯ ಚಿತ್ರ ಬರೆಯುತ್ತ ಮಾತನಾಡುತ್ತಾನೆ, ಯಂತ್ರ ಅದನ್ನು ನೋಡುತ್ತ, ಕೇಳುತ್ತ ಆಗಿಂದಾಗಲೇ ಮಾತಿನಲ್ಲಿ ಉತ್ತರಿಸುತ್ತದೆ. ಆದರೆ ನಿಜವಾಗಿ ಯಂತ್ರಕ್ಕೆ ಕೊಟ್ಟಿದ್ದದ್ದು ಸ್ಥಿರಚಿತ್ರಗಳನ್ನು ಮತ್ತು ಬರೆದ ಪ್ರಶ್ನೆಗಳನ್ನು. ನೇರ ಸಂಭಾಷಣೆ ನಡೆದೇ ಇರಲಿಲ್ಲ. ತಡವಾಗುವ ಸಮಯವನ್ನು ಕಡಿಮೆ ಮಾಡಿ, ಉತ್ತರಗಳನ್ನು ಮೊಟಕುಗೊಳಿಸಿ ತೋರಿಸಲಾಗಿದೆ ಎಂದು ವಿಡಿಯೋದ ವಿವರಣೆಯಲ್ಲಿ ಬರೆದಿತ್ತು. ವಿವರಣೆ ಓದುವವರು ಎಷ್ಟು ಜನ?

2024ರಲ್ಲಿ ಆಪಲ್ ಕಂಪನಿಯ ಇನ್ನೊಂದು ಜಾಹೀರಾತು. ಹಿಂದೊಮ್ಮೆ ಭೇಟಿಯಾದವರ ಹೆಸರೇನು ಎಂದು ನಟಿಯೊಬ್ಬಳು ಕೇಳಿದರೆ ಸಿರಿ ಥಟ್ಟನೆ ಹೇಳುತ್ತದೆ. ಆದರೆ ಆ ಸೌಲಭ್ಯ ಫೋನಿಗೆ ಬಂದೇ ಇರಲಿಲ್ಲ. 2025ರ ಮಾರ್ಚಿನಲ್ಲಿ ಅದು ತಡವಾಗುತ್ತದೆ ಎಂದು ಕಂಪನಿ ಒಪ್ಪಿಕೊಂಡು ಜಾಹೀರಾತನ್ನು ಹಿಂತೆಗೆದುಕೊಂಡಿತು. 1984ರಲ್ಲಿ ತೋರಿಸಿದ ಯಂತ್ರ ಎಂಟು ತಿಂಗಳಲ್ಲಿ ಅಂಗಡಿಗೆ ಬಂದಿತ್ತು. ಇಲ್ಲಿ ಬಾರದ ಸೌಲಭ್ಯವನ್ನೇ ಬಂದಿದೆ ಎಂಬಂತೆ ತೋರಿಸಿದ್ದರು.

ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. 2022ರ ಮಾರ್ಗಸೂಚಿಯ ಪ್ರಕಾರ ಷರತ್ತಿನ ಸಾಲು ಜಾಹೀರಾತಿನ ಹೇಳಿಕೆ ಇರುವ ಭಾಷೆಯಲ್ಲೇ ಇರಬೇಕು. ಅಂದರೆ ಕನ್ನಡದಲ್ಲಿ ಹೊಗಳಿ, ಷರತ್ತನ್ನು ಇಂಗ್ಲಿಷಿನಲ್ಲಿ ಬಚ್ಚಿಡುವಂತಿಲ್ಲ. ದೂರು ಹೇಳಿಕೊಳ್ಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮನೆಯಲ್ಲೇ ಮಾಡಿ ನೋಡುವ ಪ್ರಯೋಗ

ಕಾನೂನಿನವರೆಗೆ ಹೋಗುವ ಬದಲು ಕೊಳ್ಳುವ ಮೊದಲೇ ಪರೀಕ್ಷಿಸುವುದು ಜಾಣತನ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಇದಕ್ಕೆ ಪ್ರಯೋಗಾಲಯ ಬೇಡ, ಕಾಗದ ಪೆನ್ಸಿಲ್ ಸಾಕು.

ಪಠ್ಯಪುಸ್ತಕದಿಂದ ಸರಿಯಾಗಿ 100 ಪದದ ಒಂದು ಭಾಗವನ್ನು ಆರಿಸಿಕೊಳ್ಳಿ. ಅದರಲ್ಲಿ ಒಂದೆರಡು ಹೆಸರು, ಒಂದೆರಡು ಸಂಖ್ಯೆ ಇರಲಿ. ಅದನ್ನು ಅಜ್ಜಿ, ಅಪ್ಪ, ಚಿಕ್ಕ ತಂಗಿ ಹೀಗೆ ಮೂವರು ಓದಲಿ. ಪ್ರತಿಯೊಬ್ಬರೂ ಎರಡು ಸಲ: ಒಮ್ಮೆ ಬಾಗಿಲು ಹಾಕಿದ ಕೋಣೆಯಲ್ಲಿ, ಒಮ್ಮೆ ಮಿಕ್ಸಿ ತಿರುಗುವಾಗ ಅಡುಗೆಮನೆಯಲ್ಲಿ. ಯಂತ್ರ ಬರೆದದ್ದನ್ನು ಪುಸ್ತಕದೊಡನೆ ಹೋಲಿಸಿ ಮೂರು ಬಗೆಯ ತಪ್ಪು ಎಣಿಸಿ: ಒಂದು ಪದದ ಬದಲು ಇನ್ನೊಂದು ಬಂದದ್ದು, ಪದ ಬಿಟ್ಟುಹೋದದ್ದು, ಇಲ್ಲದ ಪದ ಸೇರಿಕೊಂಡದ್ದು. ಮೂರರ ಮೊತ್ತವೇ 100ಕ್ಕೆ ಎಷ್ಟು ತಪ್ಪು ಎಂಬ ಲೆಕ್ಕ. ವಿಜ್ಞಾನಿಗಳು ಬಳಸುವ ಅಳತೆಯೂ ಇದೇ.

ಓದಿ ಹೇಳುವ ಯಂತ್ರವಾದರೆ ಉಲ್ಟಾ ಮಾಡಿ. ಪಾಠ ನೋಡದ ಒಬ್ಬರು ಯಂತ್ರ ಹೇಳಿದ್ದನ್ನು ಕೇಳಿ ಉಕ್ತಲೇಖನ ಬರೆಯಲಿ. ಕೊನೆಗೆ ಇಂಟರ್‌ನೆಟ್ ಸಂಪರ್ಕ ತೆಗೆದು ಇನ್ನೊಮ್ಮೆ ಪ್ರಯತ್ನಿಸಿ. ಎಷ್ಟೋ ಸೌಲಭ್ಯಗಳು ದೂರದ ಕಂಪ್ಯೂಟರಿಗೆ ನಿಮ್ಮ ದನಿಯನ್ನು ಕಳಿಸಿ ಉತ್ತರ ತರಿಸುತ್ತವೆ. ಸಂಪರ್ಕ ಸರಿಯಿಲ್ಲದ ಊರಿನಲ್ಲಿ ಅವು ಮೂಕವಾಗುತ್ತವೆ. ಇದೂ ಜಾಹೀರಾತು ಹೇಳದ ಷರತ್ತೇ.

ನಿಜವಾದ ಪರೀಕ್ಷಕರು

ಮಾತಿನ ತಂತ್ರಾಂಶ ಅನೇಕರಿಗೆ ಅಲಂಕಾರ. ಕಣ್ಣು ಕಾಣದವರಿಗೆ ಅದೇ ಪುಸ್ತಕ, ಅದೇ ಸ್ಲೇಟು. 1976ರಲ್ಲಿ ರೇ ಕರ್ಜ್‌ವೈಲ್ ಎಂಬ ಅಮೆರಿಕದ ತಂತ್ರಜ್ಞ ಅಚ್ಚಾದ ಪುಟವನ್ನು ಓದಿ ಹೇಳುವ ಯಂತ್ರವನ್ನು ಹೊರತಂದರು. ಅದನ್ನು ರೂಪಿಸುವಾಗ ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟದ ಸದಸ್ಯರೇ ಅದನ್ನು ಬಳಸಿ ನೋಡಿ ಎಲ್ಲಿ ಸರಿಯಿಲ್ಲ ಎಂದು ತಿಳಿಸಿದ್ದರು. ದನಿ ಒರಟಾಗಿತ್ತು, ಯಂತ್ರ ದೊಡ್ಡದಾಗಿತ್ತು. ಆದರೆ ಪುಸ್ತಕ ಓದುತ್ತಿತ್ತು.

ಇಂದೂ ಅಂಧ ವಿದ್ಯಾರ್ಥಿಗಳಿಗೆ ಆಸರೆಯಾಗಿರುವ 'ಎನ್‌ವಿಡಿಎ' ಉಚಿತ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಆರಂಭಿಸಿದ ಮೈಕೆಲ್ ಕರನ್ ಸ್ವತಃ ಅಂಧರು. ಅದರ ಜೊತೆಗಿರುವ 'ಇಸ್ಪೀಕ್' ಕನ್ನಡವನ್ನೂ ಓದುತ್ತದೆ. ಆ ದನಿ ತಗಡಿನ ಡಬ್ಬದಿಂದ ಬಂದಂತಿದೆ ಎಂದು ಹೊಸಬರು ಮುಖ ಸಿಂಡರಿಸಬಹುದು. ಆದರೆ ವೇಗ ಹೆಚ್ಚಿಸಿದರೂ ಅದರ ಉಚ್ಚಾರ ಕಲಸಿಹೋಗುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಮೆಚ್ಚುವವರಿದ್ದಾರೆ. ನಾಳೆ ಪರೀಕ್ಷೆ ಇರುವ ಹುಡುಗಿಗೆ ಬೇಕಾದದ್ದು ಜೇನಿನಂಥ ದನಿಯಲ್ಲ, ಅಧ್ಯಾಯ ಮುಗಿಸುವ ದನಿ.

ಅಂಗಡಿಯವರು ಮುಂದಿನ ಸಲ ಮಾತಾಡುವ ಯಂತ್ರವನ್ನು ಮುಂದಿಟ್ಟರೆ, ಅದು ಹೇಳುವುದನ್ನು ಕೇಳಿ ತಲೆದೂಗುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಮನೆಗೆ ಬರುವುದು ಇದೇ ಯಂತ್ರವೇ? ಯಾರ ದನಿಯಲ್ಲಿ ಪರೀಕ್ಷಿಸಿದ್ದು? ನೂರಕ್ಕೆ ಎಷ್ಟು ತಪ್ಪು? ಇಂಟರ್‌ನೆಟ್ ಇಲ್ಲದಿದ್ದರೆ ಏನಾಗುತ್ತದೆ? ಉತ್ತರ ತೃಪ್ತಿಯಾಗದಿದ್ದರೆ ಪಠ್ಯಪುಸ್ತಕ ತೆಗೆದು ಆ 100 ಪದ ಓದಿಬಿಡಿ. ಯಂತ್ರದ ನಿಜ ಐದೇ ನಿಮಿಷದಲ್ಲಿ ಬಯಲಾಗುತ್ತದೆ.